ಸತ್ತವರ ದನಿ ಹಿಡಿಯೋ ಸಿನಿಮಾ, ಕೇಳಿಸ್ಕೊಳ್ಳೋದನ್ನೇ ಮರೆತುಬಿಡ್ತು

ಪ್ರಶ್ನೆ: 2005ರ 'ವೈಟ್ ನಾಯ್ಸ್' ಸಿನಿಮಾ ಈಗ ನೋಡ್ದೆ. ಸತ್ತುಹೋದ ಹೆಂಡತಿ ಟಿವಿಯ ಸೊರ್ರ್ ಅನ್ನೋ ಸದ್ದಿನೊಳಗಿಂದ ಮಾತಾಡ್ತಾಳೆ ಅನ್ನೋ ಐಡಿಯಾನೇ ಮೈ ಜುಮ್ ಅನ್ನಿಸ್ತು, ಶುರುವಲ್ಲಿ ಚೆನ್ನಾಗೂ ಇತ್ತು, ಆಮೇಲೆ ಕಥೆ ಎಲ್ಲೆಲ್ಲೋ ಹೋಗಿ ಪೂರ್ತಿ ನಿರಾಸೆ. ಇಷ್ಟು ಒಳ್ಳೆ ವಿಷಯ ಯಾಕೆ ಹೀಗಾಯ್ತು? ಇವಿಪಿ (ಎಲೆಕ್ಟ್ರಾನಿಕ್ ವಾಯ್ಸ್ ಫಿನಾಮಿನನ್, ಅಂದ್ರೆ ರೆಕಾರ್ಡಿಂಗಿನ ಸದ್ದೊಳಗೆ ಸತ್ತವರ ದನಿ ಸಿಗುತ್ತೆ ಅನ್ನೋದು) ನಿಜಾನಾ? ಕೊನೇಲಿ ಹನ್ನೆರಡರಲ್ಲಿ ಒಂದು ಮೆಸೇಜ್ ಬೆದರಿಕೆಯದ್ದು ಅಂತ ಬರುತ್ತಲ್ಲ, ಅದು? ಸಿನಿಮಾ ನೋಡಿದ ಮೇಲೆ ನಾನೂ ರಾತ್ರಿ ಫೋನಲ್ಲಿ ರೆಕಾರ್ಡರ್ ಆನ್ ಮಾಡಿಟ್ಟು, ಬೆಳಿಗ್ಗೆ ನಾಯ್ಸ್ ರಿಡಕ್ಷನ್ ಹಾಕಿ ಕೇಳಿದ್ರೆ ಯಾರೋ ಪಿಸುಗುಟ್ಟಿದ ಹಾಗಿದೆ, ನನ್ನ ಹೆಸರೇ ಕರೆದ ಹಾಗೆ. ಎರಡನೇ ಭಾಗ ನೋಡಬಹುದಾ?

ಉತ್ತರ: ಮೊದ್ಲು ನಿಮ್ಮ ಫೋನ್ ರೆಕಾರ್ಡಿಂಗ್ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಸಿನಿಮಾ ಎಲ್ಲಿ ಕೈಕೊಡ್ತು ಅನ್ನೋದಕ್ಕೂ ಉತ್ತರ ಅದರೊಳಗೇ ಇದೆ. ನಾನು ಸಿನಿಮಾ ಸೌಂಡ್ ಎಡಿಟಿಂಗ್, ಮಿಕ್ಸಿಂಗ್ ಮಾಡೋನು, ಡೈಲಾಗ್ ಹಿಂದಿರೋ ಹಿಸ್, ಅಂದ್ರೆ ಸೊರ್ರ್ ಅನ್ನೋ ಸದ್ದು, ತೆಗೆಯೋದೇ ದಿನದ ಕೆಲಸ, ಹಾಗಾಗಿ ದೆವ್ವದ ಬಗ್ಗೆ ಅಲ್ಲದಿದ್ರೂ ಹಿಸ್ ಬಗ್ಗೆ ಧೈರ್ಯವಾಗಿ ಮಾತಾಡಬಲ್ಲೆ.

ರೂಮು ಎಷ್ಟೇ ಸೈಲೆಂಟ್ ಇರ್ಲಿ, ಮೈಕು ಮತ್ತೆ ಅದರ ಹಿಂದಿರೋ ಸರ್ಕ್ಯೂಟು ಮಾತ್ರ ಸುಮ್ನಿರಲ್ಲ. ಯಾವುದೇ ರೆಸಿಸ್ಟರ್ ಒಳಗೆ ಬಿಸಿಯ ದೆಸೆಯಿಂದ ಎಲೆಕ್ಟ್ರಾನ್‌ಗಳು ಅಲ್ಲಾಡ್ತಾನೇ ಇರ್ತವೆ, ಅದು ತೀರಾ ಸಣ್ಣ ವೋಲ್ಟೇಜ್ ಆಗಿ ಹೊರಗೆ ಬರುತ್ತೆ, ಜಾನ್ಸನ್ ಅನ್ನೋ ವಿಜ್ಞಾನಿ ಇದನ್ನ ಅಳೆದಿದ್ದು, ನೈಕ್ವಿಸ್ಟ್ ಅನ್ನೋ ಇನ್ನೊಬ್ಬರು ಲೆಕ್ಕ ಬಿಡಿಸಿದ್ದು ಎರಡೂ 1928ರಲ್ಲೇ ಪ್ರಕಟ ಆಗಿವೆ. ಇದರ ಮೇಲೆ ಎಷ್ಟೋ ಫೋನ್ ರೆಕಾರ್ಡರ್‌ಗಳಲ್ಲಿ ಆಟೋ ಗೇನ್ ಅಂತ ಒಂದಿರುತ್ತೆ, ಸದ್ದು ಕಮ್ಮಿ ಆದ ತಕ್ಷಣ ಅದು ತಾನೇ ವಾಲ್ಯೂಮ್ ಏರಿಸುತ್ತೆ. ಅಂದ್ರೆ ನೀವು ಮಲಗಿ ಮನೆಯೆಲ್ಲಾ ಮೌನ ಆದಾಗಲೇ ಆ ಫೋನು ಕಿವಿ ಅಗಲ ಮಾಡ್ಕೊಂಡು ಕೂತಿರುತ್ತೆ, ಫ್ಯಾನು, ಪಕ್ಕದ ರೂಮಿನ ಕೆಮ್ಮು, ನೀವೇ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟಿದ್ದು, ಯಾವುದೂ ಕೇಳಿಸದೇ ಇದ್ರೆ ತನ್ನದೇ ಹಿಸ್ಸು, ಎಲ್ಲಾ ದೊಡ್ಡದಾಗಿ ಬರುತ್ತೆ.

ಆಮೇಲೆ ನೀವು ಹಾಕಿದ್ರಲ್ಲ ನಾಯ್ಸ್ ರಿಡಕ್ಷನ್, ಕಥೆ ಶುರು ಆಗೋದು ಅಲ್ಲಿಂದ. ಅದು ಸದ್ದನ್ನ ನೂರಾರು ಸಣ್ಣ ಸಣ್ಣ ಫ್ರೀಕ್ವೆನ್ಸಿ ಪಟ್ಟಿಗಳಾಗಿ ಕತ್ತರಿಸಿ ಒಂದು ಗೆರೆಗಿಂತ ಕೆಳಗಿರೋದನ್ನ ಅಳಿಸುತ್ತೆ, ಮೇಲಿರೋದನ್ನ ಬಿಡುತ್ತೆ. ಹಿಸ್ ಅನ್ನೋದು ರ್‍ಯಾಂಡಮ್ ಅಲ್ವಾ, ಅಲ್ಲೊಂದು ಇಲ್ಲೊಂದು ಚೂರು ಗೆರೆ ದಾಟಿ ಉಳ್ಕೊಳ್ಳುತ್ತೆ. ಈ ಉಳಿದ ಚೂರುಗಳಿಗೆ ನಮ್ಮ ಲೈನಲ್ಲಿ ಮ್ಯೂಸಿಕಲ್ ನಾಯ್ಸ್ ಅಂತಾರೆ, ನೀರೊಳಗೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ, ಡೈಲಾಗ್ ಕ್ಲೀನ್ ಮಾಡೋವಾಗ ನಮಗೆ ಇದೇ ದೊಡ್ಡ ತಲೆನೋವು.

ಈಗ ಪಿಸುಮಾತು ಅಂದ್ರೇನು ನೋಡಿ. ನಾವು ಪಿಸುಗುಟ್ಟುವಾಗ ಗಂಟಲಿನ ತಂತಿಗಳು ಕಂಪಿಸೋದೇ ಇಲ್ಲ. ಬರೀ ಉಸಿರಿನ ಸೊರ್ರ್ ಸದ್ದು, ಅದಕ್ಕೆ ಬಾಯಿ ನಾಲಿಗೆ ಸೇರಿ ಆಕಾರ ಕೊಡ್ತವೆ ಅಷ್ಟೇ. ಅಂದ್ರೆ ಪಿಸುಮಾತೇ ಆಕಾರ ಕೊಟ್ಟ ನಾಯ್ಸು. ನೀವೇ ಮಾಡಿ ನೋಡ್ಬಹುದು, ಯಾವುದಾದ್ರೂ ಫ್ರೀ ಎಡಿಟಿಂಗ್ ಸಾಫ್ಟ್‌ವೇರಲ್ಲಿ ವೈಟ್ ನಾಯ್ಸ್ ಅನ್ನೋ ಸೊರ್ರ್ ಸದ್ದು ಜನರೇಟ್ ಮಾಡಿ, ಈಕ್ವಲೈಸರಲ್ಲಿ 700 ಹರ್ಟ್ಸ್ ಹತ್ತಿರ ಒಂದು, 1100ರ ಹತ್ತಿರ ಇನ್ನೊಂದು ಚೂಪಾದ ಗುಡ್ಡ ಎಬ್ಬಿಸಿ ಮಿಕ್ಕಿದ್ದನ್ನ ಇಳಿಸಿ, ಯಾರೋ 'ಆ' ಅಂತ ಪಿಸುಗುಟ್ಟಿದ ಹಾಗಾಗುತ್ತೆ. ಅದೇ ಗುಡ್ಡಗಳನ್ನ 300ಕ್ಕೂ 2300ಕ್ಕೂ ಸರಿಸಿದ್ರೆ 'ಈ' ಆಗುತ್ತೆ. ನಿಮ್ಮ ಸಾಫ್ಟ್‌ವೇರ್ ಬಿಟ್ಟ ಚೂರುಗಳು ಅಕಸ್ಮಾತ್ ಈ ಜಾಗಗಳ ಆಸುಪಾಸಲ್ಲಿ ಬಿದ್ರೆ ಸಾಕು, ಅರ್ಧ ಕೆಲಸ ಆಯ್ತು.

ಮಿಕ್ಕ ಅರ್ಧ ಮಾಡೋದು ನಿಮ್ಮ ತಲೆ. 1970ರಲ್ಲಿ ರಿಚರ್ಡ್ ವಾರನ್ ಅನ್ನೋ ಸೈಕಾಲಜಿಸ್ಟ್ ಒಂದು ವಾಕ್ಯ ರೆಕಾರ್ಡ್ ಮಾಡಿ ಅದರೊಳಗಿನ ಒಂದು ಅಕ್ಷರದ ಸದ್ದನ್ನ ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಕೆಮ್ಮು ಹಾಕಿ ಜನಕ್ಕೆ ಕೇಳಿಸಿದ್ರು, ಹೆಚ್ಚುಕಮ್ಮಿ ಎಲ್ರೂ ಪದ ಪೂರ್ತಿ ಕೇಳಿಸ್ತು ಅಂದ್ರು, ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ತೋರಿಸೋಕೂ ಆಗ್ಲಿಲ್ಲ. ಇದಕ್ಕಿಂತ ಮಜಾ ಇರೋದು 2001ರದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ 44 ಸ್ಟೂಡೆಂಟ್‌ಗಳಿಗೆ 'ವೈಟ್ ಕ್ರಿಸ್ಮಸ್' ಹಾಡು ಕೇಳಿಸಿ, ಈಗ ಬರೋ ನಾಯ್ಸ್ ಒಳಗೆ ಈ ಹಾಡು ಸಣ್ಣಗೆ ಇರಬಹುದು, ಸ್ಪಷ್ಟವಾಗಿ ಕೇಳಿಸಿದಾಗ ಬಟನ್ ಒತ್ತಿ ಅಂತ ಹೇಳಿ ಬರೀ ವೈಟ್ ನಾಯ್ಸ್ ಹಾಕಿದ್ರು. ಹಾಡು ಅದರಲ್ಲಿ ಇರ್ಲೇ ಇಲ್ಲ. ಆದ್ರೂ 14 ಜನ ಬಟನ್ ಒತ್ತಿದ್ರು. ಇವರೆಲ್ಲಾ ಆರೋಗ್ಯವಾಗಿರೋ ಕಾಲೇಜು ಹುಡುಗ ಹುಡುಗಿಯರು, ಯಾರೂ ದೆವ್ವ ಹುಡುಕ್ತಾ ಇರ್ಲಿಲ್ಲ, ಯಾರನ್ನೂ ಕಳ್ಕೊಂಡಿರೋ ದುಃಖವೂ ಬೇಕಾಗ್ಲಿಲ್ಲ, ಇರಬಹುದು ಅಂತ ಒಂದು ಮಾತು ಕಿವಿಗೆ ಹಾಕಿದ್ದಷ್ಟೇ.

ಇನ್ನು ನಿಮ್ಮ ಹೆಸರು. ಹುಟ್ಟಿದಾಗಿಂದ ಅತಿ ಹೆಚ್ಚು ಸಲ ಕೇಳಿರೋ ಪದ ಅದೇ ತಾನೇ, ಗಲಾಟೆ ಮಧ್ಯೆ ಕೂಡ ನಮ್ಮ ಹೆಸರು ಮಾತ್ರ ಎದ್ದು ಕೇಳಿಸುತ್ತೆ. ಒಂದು ಟೆಸ್ಟ್ ಮಾಡಿ: ಆ ಕ್ಲಿಪ್ಪನ್ನ ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ನಾಲ್ಕೈದು ಜನಕ್ಕೆ ಬೇರೆ ಬೇರೆಯಾಗಿ ಕೇಳಿಸಿ, ಏನು ಕೇಳಿಸ್ತು ಅಂತ ಬರೆದು ಕೊಡೋಕೆ ಹೇಳಿ. ಏನೂ ಸುಳಿವು ಕೊಡಬೇಡಿ, ದನಿ ಇದೆ ಅಂತಾನೂ ಹೇಳಬೇಡಿ. ಐದು ಜನ ಐದು ಉತ್ತರ ಕೊಡ್ತಾರೆ ಅಂತ ನಾನು ಬೆಟ್ ಕಟ್ತೀನಿ. ಮೊದಲೇ ಏನಿದೆ ಅಂತ ಹೇಳಿಬಿಟ್ರೆ ಎಲ್ರಿಗೂ ಅದೇ ಕೇಳಿಸುತ್ತೆ, ಒಂದ್ಸಲ ಹಾಗೆ ಕೇಳಿದ ಕಿವಿಗೆ ಮತ್ತೆ ಬೇರೆ ಥರ ಕೇಳಿಸೋದೂ ಕಷ್ಟ. ಇವಿಪಿ ವಿಡಿಯೋಗಳಲ್ಲಿ ಕ್ಲಿಪ್ ಹಾಕೋ ಮುಂಚೆನೇ ಕೆಳಗೆ ದಪ್ಪ ಅಕ್ಷರದಲ್ಲಿ ಮಾತು ಬರೆದಿರ್ತಾರಲ್ಲ, ಆ ಅಕ್ಷರ ಮುಚ್ಚಿಟ್ಟು ಕೇಳಿ ನೋಡಿ.

ಹಾಗಂತ ಇವಿಪಿ ಮಾಡಿದವರೆಲ್ಲಾ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಫ್ರೀಡ್ರಿಕ್ ಯುರ್ಗೆನ್ಸನ್ ಅಂತ ಸ್ವೀಡನ್ನಿನ ಒಬ್ಬ ಕಲಾವಿದ, 1959ರಲ್ಲಿ ಹಕ್ಕಿ ಕೂಗು ರೆಕಾರ್ಡ್ ಮಾಡೋಕೆ ಹೋಗಿ ಟೇಪಲ್ಲಿ ಮನುಷ್ಯರ ದನಿ ಇದೆ ಅಂದ, ಆಮೇಲೆ ತೀರಿಹೋದ ಅಮ್ಮನ ದನಿ ಕೂಡ ಕೇಳಿಸ್ತು ಅಂದ. ಅವನ ಹಿಂದೆ ಬಂದಿದ್ದು ಲಾಟ್ವಿಯಾದ ಕಾನ್‌ಸ್ಟಾಂಟಿನ್ ರೌಡಿವ್, 1974ರಲ್ಲಿ ಸಾಯೋತನಕ ಹತ್ತಾರು ಸಾವಿರ ದನಿ ಸಂಗ್ರಹಿಸಿದೀನಿ ಅಂತಿದ್ದ ಮನುಷ್ಯ. ಈ ರೌಡಿವ್ ಟೇಪಿನ ದನಿಗಳ ವಿಶೇಷ ಏನಂದ್ರೆ ಒಂದೇ ಚಿಕ್ಕ ವಾಕ್ಯದಲ್ಲಿ ಲಾಟ್ವಿಯನ್, ಜರ್ಮನ್, ರಷ್ಯನ್, ಸ್ವೀಡಿಷ್ ಎಲ್ಲಾ ಕಲಸಿ ಬರ್ತಿತ್ತಂತೆ. ಅವನಿಗೂ ಹಲವು ಭಾಷೆ ಗೊತ್ತಿತ್ತು. ಒಂದು ಚೂರು ಸದ್ದು ಲಾಟ್ವಿಯನ್ ಪದಕ್ಕೆ ಹೊಂದಲಿಲ್ವಾ, ಜರ್ಮನ್ ಇದೆ, ಅದೂ ಆಗಲಿಲ್ವಾ, ರಷ್ಯನ್ ಇದೆ. ನಾಲ್ಕು ಡಿಕ್ಷನರಿ ಕೈಲಿಟ್ಕೊಂಡು ಕೂತ್ರೆ ಯಾವ ಗೊರಗೊರ ಸದ್ದಿಗಾದ್ರೂ ಅರ್ಥ ಸಿಗುತ್ತೆ. ಇದನ್ನೆಲ್ಲಾ ಗಂಭೀರವಾಗೇ ತಗೊಂಡು ಟೆಸ್ಟ್ ಮಾಡಿದವರೂ ಇದಾರೆ, ಕೆನಡಾದ ಇಮಾಂಟ್ಸ್ ಬರುಶ್ಸ್ ಅನ್ನೋ ಸೈಕಾಲಜಿ ಪ್ರೊಫೆಸರು ಸ್ಟೇಷನ್ ಸಿಗದ ಹಾಗೆ ರೇಡಿಯೋ ಟ್ಯೂನ್ ಮಾಡಿಟ್ಟು 60 ಗಂಟೆಗೂ ಹೆಚ್ಚು ರೆಕಾರ್ಡ್ ಮಾಡಿಸಿದ್ರು, ಪದ ಅನ್ನಿಸೋ ಥರ ಸದ್ದುಗಳು ಸಿಕ್ಕವು, ಆದ್ರೆ ಬೇರೆ ಲೋಕದಿಂದ ಬಂತು ಅನ್ನೋಕೆ ಆಧಾರ ಏನೂ ಸಿಗಲಿಲ್ಲ ಅಂತ 2001ರಲ್ಲಿ ಬರೆದ್ರು. ಸಿನಿಮಾ ಶುರುವಲ್ಲಿ ಎಡಿಸನ್ ಮಾತು ತೋರಿಸ್ತಾರಲ್ಲ, ಅದಕ್ಕೂ ಇಷ್ಟೇ ಬೆಲೆ. 1920ರಲ್ಲಿ ಪತ್ರಿಕೆಯವರ ಹತ್ರ ಸತ್ತವರ ಜೊತೆ ಮಾತಾಡೋಕೆ ಆಗೋಷ್ಟು ಸೂಕ್ಷ್ಮವಾದ ಯಂತ್ರ ಮಾಡಬಹುದು ಅಂತ ಅವರು ಮಾತಾಡಿದ್ದು ನಿಜ, ಆದ್ರೆ ಅಂಥದ್ದೊಂದು ಯಂತ್ರ ಯಾರಿಗೂ ಸಿಕ್ಕಿಲ್ಲ.

ಈಗ ಸಿನಿಮಾಗೆ ಬರೋಣ. ಮೈಕಲ್ ಕೀಟನ್ ಆರ್ಕಿಟೆಕ್ಟು, ಹೆಂಡತಿ ಬರಹಗಾರ್ತಿ, ಬಸುರಿ, ಒಂದು ರಾತ್ರಿ ಮನೆಗೆ ಬರಲ್ಲ, ಆಮೇಲೆ ಹೆಣ ಸಿಗುತ್ತೆ. ಒಬ್ಬ ದಪ್ಪನೆ ಮನುಷ್ಯ ಬಂದು ನಿಮ್ಮ ಹೆಂಡತಿ ನನಗೆ ಮೆಸೇಜ್ ಕಳಿಸ್ತಿದಾಳೆ ಅಂತಾನೆ, ಇವನು ಮೊದ್ಲು ಬೈದು ಓಡಿಸ್ತಾನೆ, ಆಮೇಲೆ ತಾನೇ ಹುಡುಕ್ಕೊಂಡು ಹೋಗ್ತಾನೆ. ಇಲ್ಲೀವರೆಗೆ ಸಿನಿಮಾ ಸರಿಯಾದ ದಾರೀಲೇ ಇದೆ. ಆ ಮನುಷ್ಯನ ಮನೆ ತುಂಬಾ ಮಾನಿಟರು, ಟೇಪು, ಕತ್ತಲೆ, ಹಿಸ್ಸು, ಕೀಟನ್ ಮುಂದಕ್ಕೆ ಬಗ್ಗಿ ಕಿವಿ ಕೊಡ್ತಾನೆ. ನಟ ಒಳ್ಳೆಯವನು, ಮುಖದಲ್ಲೇ ಎಲ್ಲಾ ಇದೆ: ನಂಬಬಾರದು ಅಂತ ಗೊತ್ತು, ಆದ್ರೆ ನಂಬಬೇಕು.

ಇಲ್ಲೊಂದು ಸಣ್ಣ ಚಾನ್ಸ್ ಇತ್ತು. ಆ ಹಿಸ್ಸನ್ನ ನಮಗೂ ಕೇಳಿಸಿ, ಅದರಲ್ಲಿ ಏನೋ ಇದೆಯಾ ಇಲ್ವಾ ಅನ್ನೋ ಹಾಗೆ ಬಿಟ್ಟು, ಕೀಟನ್‌ಗೆ ಮಾತ್ರ ಹೆಂಡತಿ ಮಾತು ಕೇಳಿಸಿ ನಮಗೆ ಕೇಳಿಸದೇ ಇದ್ದಿದ್ರೆ? ಥಿಯೇಟರ್ ಪೂರ್ತಿ ಉಸಿರು ಬಿಗಿ ಹಿಡಿದು ಕಿವಿ ನಿಮಿರಿಸಿ ಕೂರ್ತಿತ್ತು. ಮೇಲೆ ಹೇಳಿದ 14 ಜನ ಸ್ಟೂಡೆಂಟ್‌ಗಳ ಥರ ಪ್ರೇಕ್ಷಕರಲ್ಲೂ ಒಂದಷ್ಟು ಜನಕ್ಕೆ ಏನೋ ಕೇಳಿಸ್ತಿತ್ತು, ಒಬ್ಬರು ಕೇಳಿಸ್ತು ಅಂದ್ರೆ ಪಕ್ಕದವರು ಇಲ್ಲ ಅಂತಿದ್ರು. ಇಂಥ ಹೆದರಿಕೆ ಬೇರೆ ಯಾವ ವಿಷಯದ ಸಿನಿಮಾಗೂ ಪುಕ್ಕಟೆ ಸಿಗಲ್ಲ. ಆದ್ರೆ ಇವರು ಮಾಡಿದ್ದೇನು, ದನಿ ಸ್ಪಷ್ಟ, ಹೇಳೋದು ಸ್ಪಷ್ಟ, ಮೇಲಿಂದ ಸ್ಕ್ರೀನಲ್ಲಿ ಮುಖ ಬೇರೆ. ತುತ್ತು ಮಾಡಿ ಬಾಯಿಗಿಟ್ಟು ಅಗಿದೂ ಕೊಟ್ಟ ಹಾಗಾಯ್ತು. ಟಿವಿಲಿ ಮುಖ ಕಾಣೋ ಐಡಿಯಾಗೂ ಒಂದು ಹಿನ್ನೆಲೆ ಇದೆ, ಜರ್ಮನಿಯ ಕ್ಲಾಸ್ ಶ್ರೈಬರ್ ಅನ್ನೋನು 1980ರ ದಶಕದಲ್ಲಿ ವಿಡಿಯೋ ಕ್ಯಾಮೆರಾನ ಟಿವಿ ಕಡೆಗೇ ತಿರುಗಿಸಿ, ಆ ಚಿತ್ರನೇ ಮತ್ತೆ ಟಿವಿಗೆ ಕೊಟ್ಟು ಫೀಡ್‌ಬ್ಯಾಕ್ ಮಾಡಿ ಅದರಲ್ಲಿ ಸತ್ತವರ ಮುಖ ಹುಡುಕ್ತಿದ್ದ. ಆ ಮಸುಕು ಚಿತ್ರಗಳಲ್ಲೂ ಮುಖ ಇದ್ದೂ ಇಲ್ಲದ ಹಾಗೆ, ಕಣ್ಣು ಕಿರಿದು ಮಾಡಿ ನಾವೇ ಕೂಡಿಸ್ಕೋಬೇಕು. ಸಿನಿಮಾ ಆ ಮಸುಕನ್ನೂ ಉಳಿಸ್ಕೊಳ್ಳಲಿಲ್ಲ.

ಒಂದು ಹೋಲಿಕೆ ಕೊಡ್ತೀನಿ. 1999ರ 'ದಿ ಸಿಕ್ಸ್ತ್ ಸೆನ್ಸ್'ನಲ್ಲಿ ಬ್ರೂಸ್ ವಿಲ್ಲಿಸ್ ಹಳೇ ಪೇಶೆಂಟಿನ ಟೇಪ್ ಕೇಳೋ ಸೀನ್ ಇದೆ. ಡಾಕ್ಟರ್ ರೂಮಿಂದ ಆಚೆ ಹೋಗಿರೋ ಹೊತ್ತಿನ ಮೌನ, ಮೊದಲು ಏನೂ ಇಲ್ಲ. ರಿವೈಂಡ್ ಮಾಡ್ತಾನೆ, ವಾಲ್ಯೂಮ್ ಏರಿಸ್ತಾನೆ, ಮತ್ತೆ ರಿವೈಂಡ್, ಇನ್ನೂ ಏರಿಸ್ತಾನೆ, ಹಿಸ್ಸಿನ ತಳದಿಂದ ಸ್ಪ್ಯಾನಿಷಲ್ಲಿ ಯಾರೋ ಗೋಗರೆಯೋದು ಮೇಲೆ ಬರುತ್ತೆ. ನಿಜ ಹೇಳ್ಬೇಕಂದ್ರೆ ಅದು ಇವಿಪಿ ಸೀನೇ, ಆ ಹೆಸರು ಹೇಳಲ್ಲ ಅಷ್ಟೇ. ಮಿಕ್ಸ್ ಮಾಡೋನಾಗಿ ನನಗೆ ಅದರಲ್ಲಿ ಹಿಡಿಸಿದ್ದು ಏನಂದ್ರೆ ಹಿಸ್ ಹಂತ ಹಂತವಾಗಿ ಏರುತ್ತೆ, ಕಿವಿ ಅದಕ್ಕೆ ಹೊಂದಿಕೊಳ್ಳೋಕೆ ಟೈಮ್ ಕೊಡ್ತಾರೆ, ಹೊಂದಿಕೊಂಡ ಮೇಲೇ ದನಿ ಕೊಡ್ತಾರೆ. 'ವೈಟ್ ನಾಯ್ಸ್'ನಲ್ಲಿ ಸ್ಟ್ಯಾಟಿಕ್ ಅನ್ನೋ ಸೊರ್ರ್ ಸದ್ದನ್ನ ಹೆಚ್ಚಾಗಿ ಪಟಾಕಿ ಥರ ಬಳಸಿದಾರೆ, ಸುಮ್ನಿದ್ದು ಸುಮ್ನಿದ್ದು ಢಂ ಅಂತ ಕಿವಿಗೆ ಹೊಡೆಯೋದು. ಬೆಚ್ಚಿಬೀಳ್ತೀವಿ, ಹೌದು, ಬಾಗಿಲು ಜೋರಾಗಿ ಬಡಿದ್ರೂ ಬೀಳ್ತೀವಿ. ವೈಟ್ ನಾಯ್ಸ್ ಅಂದ್ರೆ ಎಲ್ಲಾ ಫ್ರೀಕ್ವೆನ್ಸಿಲೂ ಸಮನಾದ ಶಕ್ತಿ ಇರೋ ಸದ್ದು, ಅಂಥ ಹೆಸರಿಟ್ಕೊಂಡು ಆ ಸದ್ದನ್ನ ಒಂದು ಪೂರ್ತಿ ನಿಮಿಷ ಕೂಡ ನೆಟ್ಟಗೆ ಕೇಳಿಸೋ ತಾಳ್ಮೆ ಇವರಿಗಿಲ್ಲ.

ಆಮೇಲೆ ಕಥೆ. ಹೆಂಡತಿ ದನಿ ಸಿಕ್ಕಿದ ಮೇಲೆ ಸ್ಕ್ರೀನ್‌ಪ್ಲೇಗೆ ಏನು ಮಾಡಬೇಕು ಅಂತ ತಿಳೀಲಿಲ್ಲ. ಇದ್ದಕ್ಕಿದ್ದ ಹಾಗೆ ಮೆಸೇಜುಗಳು ಇನ್ನೂ ಸಾಯದವರ ಬಗ್ಗೆ ಬರೋಕೆ ಶುರುವಾಗ್ತವೆ, ಕೀಟನ್ ಕಾರು ಹತ್ತಿ ಜನರನ್ನ ಕಾಪಾಡೋಕೆ ಓಡ್ತಾನೆ, ಅಂದ್ರೆ ಸತ್ತವರ ಜೊತೆ ಮಾತಾಡೋ ಸಿನಿಮಾ ಭವಿಷ್ಯ ಹೇಳೋ ಸಿನಿಮಾ ಆಯ್ತು. ಅದು ಸಾಲದು ಅಂತ ಮೂರು ಕಪ್ಪು ನೆರಳುಗಳು, ಅದೂ ಸಾಲದು ಅಂತ ಕೊನೇಲಿ ಒಬ್ಬ ಸೀರಿಯಲ್ ಕಿಲ್ಲರ್. ಒಂದೊಂದನ್ನೂ ಬೇರೆ ಬೇರೆ ಸಿನಿಮಾ ಮಾಡಬಹುದಿತ್ತು. ನೆರಳುಗಳು ಬಂದ ಕ್ಷಣದಿಂದ ಹಿಸ್ಸಿಗೆ ಕೆಲಸ ಇಲ್ಲ, ಕೇಳಿಸ್ಕೊಳ್ಳೋ ಮನುಷ್ಯನಿಗೂ ಕೆಲಸ ಇಲ್ಲ, ವಿಲನ್ ಕೈಲಿ ಒದೆ ತಿನ್ನೋದೇ ಕೆಲಸ.

ನನಗೆ ಎಲ್ಲಕ್ಕಿಂತ ಬೇಜಾರಾಗೋದು ದುಃಖದಲ್ಲಿರೋ ಗಂಡನ್ನ ಕೈಬಿಟ್ಟಿದ್ದು. ವೇಲ್ಸ್‌ನ ಡಾಕ್ಟರ್ ಡೆವಿ ರೀಸ್ 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸ್ಟಡಿ ಬರೆದ್ರು, ಗಂಡನ್ನೋ ಹೆಂಡತಿನ್ನೋ ಕಳ್ಕೊಂಡ 293 ಜನರನ್ನ ಮಾತಾಡಿಸಿ. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಸತ್ತವರು ಪಕ್ಕದಲ್ಲೇ ಇದಾರೆ ಅನ್ನಿಸಿದ್ದೋ, ಕಂಡಿದ್ದೋ, ದನಿ ಕೇಳಿದ್ದೋ ಏನೋ ಒಂದು ಅನುಭವ ಆಗಿತ್ತು, ದನಿ ಕೇಳಿಸ್ತು ಅಂದವರೇ ಶೇಕಡ 13ರಷ್ಟು. ಇವರಿಗೆ ಹುಚ್ಚು ಹಿಡಿದಿರಲಿಲ್ಲ. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಆಗಿತ್ತು, ಆದ್ರೂ ಬಹಳಷ್ಟು ಜನ ಅಲ್ಲೀತನಕ ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ. ಕೀಟನ್ ಪಾತ್ರ ಅಂಥವನೇ ತಾನೇ, ಕೆಲಸ ಬಿಟ್ಟು, ನಿದ್ದೆ ಬಿಟ್ಟು, ಮಗ ಮನೇಲಿ ಇದಾನೆ ಅನ್ನೋದೂ ಮರೆತು ಸ್ಕ್ರೀನ್ ಮುಂದೆ ಕೂರ್ತಾನೆ. ಆ ಮಗುವಿನ ಕಣ್ಣಿಂದ ಕಥೆ ಹೇಳಿದ್ರೆ ಎಂಥಾ ಸಿನಿಮಾ ಆಗ್ತಿತ್ತು ಯೋಚ್ನೆ ಮಾಡಿ: ಮಲತಾಯಿ ಸತ್ತಿದಾಳೆ, ಅಪ್ಪ ಬದುಕಿದಾನೆ, ಆದ್ರೆ ಮನೇಲಿ ಅಪ್ಪ ಮಾತಾಡೋದು ಬರೀ ಸತ್ತವಳ ಹತ್ರ. ಇವರು ಆ ಮಗೂನ ಬೇಕಾದಾಗ ಕರೆಸಿ ಬೇಡದಾಗ ಮಲಗಿಸಿಬಿಡ್ತಾರೆ.

ಇಷ್ಟಾದ್ರೂ ಸಿನಿಮಾ ದುಡ್ಡು ಮಾಡ್ತು ಅನ್ನೋದು ಬೇರೆ ಮಾತು. 2005ರ ಜನವರಿ 7ಕ್ಕೆ ಅಮೆರಿಕದಲ್ಲಿ ರಿಲೀಸು, ಸುಮಾರು 1 ಕೋಟಿ ಡಾಲರ್ ಬಜೆಟ್ಟು, ಪ್ರಪಂಚದಾದ್ಯಂತ ಗಳಿಕೆ 9 ಕೋಟಿ ಡಾಲರ್ ದಾಟ್ತು. ವಿಮರ್ಶಕರು ಉಗಿದ್ರು, ಜನ ಹೋದ್ರು. ಟ್ರೈಲರ್ ಇವಿಪಿ ಅನ್ನೋದು ನಿಜವಾಗ್ಲೂ ನಡೆಯೋ ಸಂಗತಿ ಅನ್ನೋ ಥರಾನೇ ಮಾತಾಡ್ತಿತ್ತು, ಎಷ್ಟೋ ಜನ ಹೋಗಿದ್ದು ಅದನ್ನ ನೋಡಿಯೇ.

ಆ ಹನ್ನೆರಡರಲ್ಲಿ ಒಂದು ಅನ್ನೋ ಲೆಕ್ಕವೂ ಅದೇ ಮಾರ್ಕೆಟಿಂಗ್ ಬುದ್ಧಿದು. ಸಾವಿರಾರು ದಾಖಲಾದ ಇವಿಪಿ ಮೆಸೇಜುಗಳಲ್ಲಿ ಹನ್ನೆರಡರಲ್ಲಿ ಒಂದು ಬೆದರಿಕೆ ಅನ್ನಬೇಕಾದ್ರೆ ಮೊದಲು ಒಟ್ಟು ಎಷ್ಟು ಅಂತ ಎಣಿಸಬೇಕು, ಯಾವುದು ಮೆಸೇಜು ಯಾವುದು ಬರೀ ಹಿಸ್ಸು ಅಂತ ಒಪ್ಪಿಗೆ ಇರಬೇಕು, ಒಂದೊಂದೂ ಏನು ಹೇಳ್ತಿದೆ ಅಂತ ಬೇರೆ ಬೇರೆ ಜನ ಕೇಳಿ ಒಂದೇ ಉತ್ತರ ಕೊಡಬೇಕು. ನಿಮ್ಮ ಒಂದು ಕ್ಲಿಪ್ಪಿಗೇ ಐದು ಜನ ಐದು ಹೇಳೋ ಕಡೆ ಶೇಕಡಾವಾರು ಎಲ್ಲಿಂದ ಬರುತ್ತೆ? ಹೆದರಿದವನ ಕಿವಿಗೆ ಬೆದರಿಕೆ ಕೇಳಿಸುತ್ತೆ, ಅಮ್ಮನ್ನ ನೆನೆಸ್ಕೊಂಡು ಕೂತವನಿಗೆ ಅಮ್ಮ. ಅದನ್ನ ನೋಡಿ ನಿದ್ದೆಗೆಡಬೇಡಿ. ಆ ಟಿವಿ ಚುಕ್ಕಿಗಳಲ್ಲಿ ನಿಜವಾಗ್ಲೂ ದೂರದಿಂದ ಬರೋದು ಏನಾದ್ರೂ ಇದ್ರೆ ಅದು ಬೇರೆಯೇ, ಹಳೇ ಆಂಟೆನಾ ಟಿವಿಯ ಸ್ಟ್ಯಾಟಿಕ್‌ನಲ್ಲಿ ಶೇಕಡ ಒಂದರಷ್ಟು ವಿಶ್ವ ಹುಟ್ಟಿದ ಕಾಲದ ವಿಕಿರಣ, ಪೆಂಜಿಯಾಸ್ ಮತ್ತು ವಿಲ್ಸನ್ ಅನ್ನೋ ವಿಜ್ಞಾನಿಗಳು ಆಂಟೆನಾದ ಗೊರಗೊರ ಎಷ್ಟು ಮಾಡಿದ್ರೂ ಹೋಗ್ತಿಲ್ಲ ಅಂತ ಒದ್ದಾಡಿ ಕಂಡುಹಿಡಿದು 1978ರಲ್ಲಿ ನೊಬೆಲ್ ತಗೊಂಡ್ರಲ್ಲ, ಅದೇ. ಈಗಿನ ಟಿವಿಗಳಲ್ಲಿ ಸಿಗ್ನಲ್ ಹೋದ್ರೆ ಒಂದು ನೀಲಿ ಸ್ಕ್ರೀನ್ ಬಂದು ನಿಲ್ಲುತ್ತೆ, ದೆವ್ವಕ್ಕೂ ಜಾಗ ಇಲ್ಲ.

ಎರಡನೇ ಭಾಗ, 2007ರ 'ವೈಟ್ ನಾಯ್ಸ್: ದಿ ಲೈಟ್', ಹೆಸರಿಗೆ ಮಾತ್ರ ಎರಡನೇದು. ಕಥೆ ಬೇರೆ, ನಟರು ಬೇರೆ, ನೇಥನ್ ಫಿಲಿಯನ್ ಸಾವಿನ ಬಾಗಿಲಿಂದ ವಾಪಸ್ ಬಂದ ಮೇಲೆ ಸಾಯೋರ ಸುತ್ತ ಬೆಳಕು ಕಾಣೋಕೆ ಶುರುವಾಗುತ್ತೆ, ಅವರನ್ನ ಕಾಪಾಡ್ತಾನೆ, ಕಾಪಾಡಿದವರು ಮೂರನೇ ದಿನಕ್ಕೆ ಬೇರೆಯವರನ್ನ ಕೊಲ್ಲೋಕೆ ಹೊರಡ್ತಾರೆ. ಒಳ್ಳೇದು ಮಾಡೋಕೆ ಹೋಗಿ ತಗಲಾಕ್ಕೊಳ್ಳೋ ಈ ಗಂಟು ಮೊದಲ ಭಾಗದ ಯಾವ ಐಡಿಯಾಗಿಂತ ಗಟ್ಟಿ ಇದೆ, ಫಿಲಿಯನ್ ಕೂಡ ಚೆನ್ನಾಗಿ ಮಾಡಿದಾನೆ. ಸತ್ತವರ ದನಿ, ರೆಕಾರ್ಡಿಂಗು, ಹಿಸ್ಸು ಅಂತ ಆಸೆ ಇಟ್ಕೊಂಡು ಹೋದ್ರೆ ಮತ್ತೆ ಬೈಕೊಳ್ತೀರ. ಬೇರೆ ಕೆಲಸ ಇಲ್ಲದ ರಾತ್ರಿ ಒಂದ್ಸಲ ಹಾಕಿ ನೋಡಬಹುದು, ಆದ್ರೆ ಇವತ್ತು ಒಂದೇ ನೋಡೋದು ಅಂದ್ರೆ ನಾನಂತೂ 'ಸಿಕ್ಸ್ತ್ ಸೆನ್ಸ್'ನ ಆ ಟೇಪ್ ಸೀನನ್ನ ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ನೋಡಿ ಅಂತೀನಿ.